ಬಿಸ್ಮತ್ ಸೆಲೆನೈಡ್ ಪದರಗಳೊಳಗೆ ತಾಮ್ರ ಸೇರದಿದ್ದಾಗ: ದೋಷ ನಿವಾರಣೆ ಕೈಪಿಡಿ

ಪದರ ರಚನೆಯ ವಸ್ತುಗಳೊಳಗೆ ದ್ರಾವಣದಿಂದ ಲೋಹದ ಪರಮಾಣುಗಳನ್ನು ಸೇರಿಸುವ ಇಂಟರ್ಕಲೇಷನ್ ಪ್ರಯೋಗ ಕೈಕೊಟ್ಟಾಗ, ಹೆಚ್ಚಿನವರು ಮೊದಲು ದ್ರಾವಣದ ಸಾಂದ್ರತೆಯನ್ನು ಹೆಚ್ಚಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಸಮಯವನ್ನು ಹೆಚ್ಚಿಸುತ್ತಾರೆ. ಇವೆರಡೂ ಅವಸರದ ಕ್ರಮಗಳು. ಲೋಹ ಒಳಗೆ ಹೋಗಲೇ ಇಲ್ಲವೋ, ಹೊರಮೈಗೆ ಮೆತ್ತಿಕೊಂಡು ನಿಂತಿತೋ, ಅಥವಾ ಒಳಗೆ ಹೋಗಿದ್ದೂ ನಮ್ಮ ಅಳತೆಗೆ ಸಿಗಲಿಲ್ಲವೋ ಎಂಬುದು ತಿಳಿಯದೆ ಪಾಕವಿಧಾನವನ್ನು ಬದಲಿಸಿದರೆ ಒಂದು ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ‘ತಾಮ್ರ ಎಷ್ಟಿದೆ’ ಎಂಬ ಪ್ರಶ್ನೆಗಿಂತ ‘ತಾಮ್ರ ಎಲ್ಲಿದೆ’ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹೊರಟಿದ್ದೇನೆ. ಉದಾಹರಣೆಗೆ ಆಯ್ದುಕೊಂಡಿರುವುದು ಬಿಸ್ಮತ್ ಸೆಲೆನೈಡ್ ಮತ್ತು ತಾಮ್ರದ ಜೋಡಿ. ಪರಿಸರ ಬೆಂಗಳೂರಿನದು, ಏಕೆಂದರೆ ಇಲ್ಲಿನ ಎತ್ತರ, ಮಳೆಗಾಲ ಮತ್ತು ನೀರು ಈ ಪ್ರಯೋಗದಲ್ಲಿ ನೇರವಾಗಿ ಕೈಯಾಡಿಸುತ್ತವೆ.

ಬಿಸ್ಮತ್ ಸೆಲೆನೈಡ್‌ನಲ್ಲಿ ಸೆಲೆನಿಯಂ, ಬಿಸ್ಮತ್, ಸೆಲೆನಿಯಂ, ಬಿಸ್ಮತ್, ಸೆಲೆನಿಯಂ ಎಂಬ ಕ್ರಮದಲ್ಲಿ ಐದು ಪರಮಾಣು ಹಾಳೆಗಳು ಗಟ್ಟಿಯಾಗಿ ಬೆಸೆದುಕೊಂಡು ಒಂದು ಪದರವಾಗುತ್ತವೆ. ಇಂಥ ಪದರಗಳು ಸುಮಾರು 9.5 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಒಂದರಂತೆ ಜೋಡಣೆಯಾಗಿದ್ದು, ಪದರ ಪದರಗಳ ನಡುವೆ ಇರುವುದು ದುರ್ಬಲವಾದ ವ್ಯಾನ್ ಡರ್ ವಾಲ್ಸ್ ಬಲ ಮಾತ್ರ. ತಾಮ್ರ ಹೋಗಿ ಕೂರಬೇಕಾದದ್ದು ಆ ಸಂದಿಯಲ್ಲಿ. ಇದಕ್ಕೆ ಬಳಸುವ ವಿಧಾನವನ್ನು 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಅಸಿಟೋನೈಟ್ರೈಲ್ ಅಣುಗಳಿಂದ ಸುತ್ತುವರಿದ ಏಕವೇಲೆನ್ಸಿ (ಒಂದು ಎಲೆಕ್ಟ್ರಾನ್ ಕಳೆದುಕೊಂಡ) ತಾಮ್ರದ ಹೆಕ್ಸಾಫ್ಲೋರೋಫಾಸ್ಫೇಟ್ ಲವಣವನ್ನು ಆಸಿಟೋನ್‌ನಲ್ಲಿ ಕರಗಿಸಿ, ಸಾರಜನಕದ ಹೊದಿಕೆಯಡಿ ಹದವಾಗಿ ಬಿಸಿ ಮಾಡಿದರೆ, ಎರಡು ಏಕವೇಲೆನ್ಸಿ ತಾಮ್ರ ಅಯಾನುಗಳಲ್ಲಿ ಒಂದು ಮತ್ತೊಂದಕ್ಕೆ ಎಲೆಕ್ಟ್ರಾನ್ ಕೊಟ್ಟು ತಾನು ದ್ವಿವೇಲೆನ್ಸಿಯಾಗುತ್ತದೆ, ಪಡೆದದ್ದು ವಿದ್ಯುದಾವೇಶವಿಲ್ಲದ ತಾಮ್ರ ಪರಮಾಣುವಾಗುತ್ತದೆ. ಈ ಡಿಸ್‌ಪ್ರೊಪೋರ್ಷನೇಷನ್ ಕ್ರಿಯೆ ನಿಧಾನವಾಗಿ ನಡೆದರೆ ಪರಮಾಣು ಸಂದಿಗೆ ಇಳಿಯುತ್ತದೆ, ಅವಸರವಾಗಿ ನಡೆದರೆ ಪರಮಾಣುಗಳು ಒಂದಕ್ಕೊಂದು ಅಂಟಿ ಲೋಹದ ಕಣಗಳಾಗಿ ಎಲ್ಲೆಂದರಲ್ಲಿ ಕೂರುತ್ತವೆ. ಮುಂದೆ ಹೇಳುವ ದೋಷಗಳಲ್ಲಿ ಅನೇಕವು ಈ ವೇಗದ ಹದ ತಪ್ಪಿದ್ದರಿಂದಲೇ ಹುಟ್ಟುವಂಥವು.

ಹೋಲಿಕೆಗೆ ಇಡಬೇಕಾದ ಫ್ಲಾಸ್ಕ್‌ಗಳು

ಮುಖ್ಯ ಪ್ರಯೋಗದ ಜೊತೆಯಲ್ಲೇ ಮೂರು ಹೋಲಿಕೆ ಪ್ರಯೋಗಗಳನ್ನು ಇಡದಿದ್ದರೆ ಯಾವ ದೋಷವನ್ನೂ ಖಚಿತವಾಗಿ ಗುರುತಿಸಲಾಗದು. ಹರಳಿಲ್ಲದ ಬರೀ ಸಿಲಿಕಾನ್ ವೇಫರ್‌ನ (ಹರಳುಗಳನ್ನು ಹೊರುವ ತೆಳು ಬಿಲ್ಲೆಯ) ತುಂಡೊಂದನ್ನು ಅದೇ ಫ್ಲಾಸ್ಕ್‌ನಲ್ಲಿ, ಹರಳಿರುವ ವೇಫರ್‌ನ ಪಕ್ಕದಲ್ಲೇ ಇಡಬೇಕು. ಹರಳಿರುವ ಇನ್ನೊಂದು ವೇಫರನ್ನು ತಾಮ್ರದ ಲವಣವಿಲ್ಲದ ಆಸಿಟೋನ್‌ನಲ್ಲಿ ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ ಇಡಬೇಕು. ಮೂರನೆಯದರಲ್ಲಿ ಲವಣದ ದ್ರಾವಣ ಮಾತ್ರ ಇರಬೇಕು, ಮತ್ತು ಅದನ್ನು ಬಿಸಿ ಮಾಡದೆ ಕೋಣೆಯ ಉಷ್ಣತೆಯಲ್ಲಿ ಅದೇ ಸಾರಜನಕದ ಸಾಲಿಗೆ (ಅನಿಲ ಹರಿಸುವ ಕೊಳವೆಗಳ ಜೋಡಣೆಗೆ) ಜೋಡಿಸಿರಬೇಕು. ಬರೀ ವೇಫರ್‌ನ ಮೇಲೂ ಇಡಿಎಸ್ (ಎಲೆಕ್ಟ್ರಾನ್ ಕಿರಣ ತಾಗಿದಾಗ ಹೊಮ್ಮುವ ಎಕ್ಸ್-ಕಿರಣದಿಂದ ಧಾತುಗಳನ್ನು ಗುರುತಿಸುವ ಅಳತೆ) ತಾಮ್ರವನ್ನು ತೋರಿಸಿದರೆ, ಹರಳಿನ ಮೇಲೆ ಕಂಡ ತಾಮ್ರದ ಒಂದು ಪಾಲಾದರೂ ಲೇಪನದ್ದೇ ಎಂದು ಗಟ್ಟಿಯಾಗಿ ಹೇಳಬಹುದು. ಲವಣವಿಲ್ಲದ ಆಸಿಟೋನ್‌ನಲ್ಲಿದ್ದ ಹರಳೂ ಬದಲಾಗಿದ್ದರೆ ದೋಷ ತಾಮ್ರದ್ದಲ್ಲ, ದ್ರಾವಕದ್ದು ಅಥವಾ ಬಿಸಿಯದ್ದು. ಮೂರನೆಯ ಫ್ಲಾಸ್ಕ್‌ನ ಉಪಯೋಗ ಬಣ್ಣದ ವಿಚಾರದಲ್ಲಿ ಬರುತ್ತದೆ.

ದ್ರಾವಣದ ಬಣ್ಣವನ್ನು ಓದುವುದು

ಏಕವೇಲೆನ್ಸಿ ತಾಮ್ರದ ದ್ರಾವಣಕ್ಕೆ ಬಣ್ಣವಿಲ್ಲ. ಕ್ರಿಯೆ ನಡೆದಂತೆ ದ್ವಿವೇಲೆನ್ಸಿ ತಾಮ್ರ ಸಂಗ್ರಹವಾಗಿ ತಿಳಿ ನೀಲಿ ಅಥವಾ ನೀಲಿ ಹಸಿರಿನ ಛಾಯೆ ಮೂಡುತ್ತದೆ. ಈ ಛಾಯೆ ಕಂಡೊಡನೆ ಪ್ರಯೋಗ ಫಲಿಸಿತೆಂದು ತಿಳಿಯುವುದೇ ಹೊಸಬರು ಎಡವುವ ಮೊದಲ ಜಾಗ. ಗಾಳಿಯ ಆಮ್ಲಜನಕವೂ ಏಕವೇಲೆನ್ಸಿ ತಾಮ್ರವನ್ನು ದ್ವಿವೇಲೆನ್ಸಿಗೆ ಒಯ್ಯುತ್ತದೆ, ಆದರೆ ಆ ದಾರಿಯಲ್ಲಿ ಲೋಹದ ಪರಮಾಣು ಒಂದೂ ಹುಟ್ಟುವುದಿಲ್ಲ. ಬಿಸಿ ಮಾಡದ ಫ್ಲಾಸ್ಕ್ ಕೂಡ ಕೆಲವು ಗಂಟೆಗಳಲ್ಲಿ ನೀಲಿಗೆ ತಿರುಗಿದರೆ ಸಾರಜನಕದ ಸಾಲಿನಲ್ಲಿ ಸೋರಿಕೆ ಇದೆ ಎಂದೇ ಮೊದಲು ಸಂಶಯಿಸಬೇಕು. ಆಗ ಕೀಲುಗಳನ್ನು, ಓ-ರಿಂಗುಗಳನ್ನು, ಸೆಪ್ಟಮ್‌ನ (ಸೂಜಿ ಚುಚ್ಚುವ ರಬ್ಬರ್ ಬಿರಡೆಯ) ಹಳೆಯ ಸೂಜಿ ತೂತುಗಳನ್ನು ಒಂದೊಂದಾಗಿ ನೋಡಬೇಕು. ವೈಟಾನ್ ಎಂಬ ರಬ್ಬರಿನ ಓ-ರಿಂಗುಗಳು ಅನೇಕ ದ್ರಾವಕಗಳನ್ನು ತಡೆದರೂ ಆಸಿಟೋನ್‌ನ ಆವಿಗೆ ಉಬ್ಬಿ ಹಿಡಿತ ಬಿಡುತ್ತವೆ, ಈ ಕೆಲಸಕ್ಕೆ ಟೆಫ್ಲಾನ್ ಸೂಕ್ತ.

ಬಣ್ಣವೇ ಬಾರದಿದ್ದರೆ ಅಸಿಟೋನೈಟ್ರೈಲ್‌ನತ್ತ ನೋಡಬೇಕು. ನೀರಿನಲ್ಲಿ ಏಕವೇಲೆನ್ಸಿ ತಾಮ್ರದ ಡಿಸ್‌ಪ್ರೊಪೋರ್ಷನೇಷನ್‌ಗೆ ಸಮತೋಲನ ಸ್ಥಿರಾಂಕ 10 ಲಕ್ಷದ ಆಸುಪಾಸಿನಲ್ಲಿದ್ದು, ಅಯಾನು ಅಲ್ಲಿ ಉಳಿಯುವುದೇ ಇಲ್ಲ. ಅಸಿಟೋನೈಟ್ರೈಲ್‌ನಲ್ಲಾದರೋ ಅದೇ ಅಯಾನು ನಿಶ್ಚಿಂತೆಯಿಂದ ಇರುತ್ತದೆ. ಆಸಿಟೋನ್ ಇವೆರಡರ ನಡುವಿನದು, ಈ ವಿಧಾನದ ಜೀವಾಳವೂ ಅದೇ. ಹರಳನ್ನು ಹಿಂದಿನ ಹಂತದಲ್ಲಿ ಅಸಿಟೋನೈಟ್ರೈಲ್‌ನಿಂದ ತೊಳೆದು ಸರಿಯಾಗಿ ಒಣಗಿಸದಿದ್ದರೆ, ಅಥವಾ ಲವಣ ಬೇಗ ಕರಗಲೆಂದು ಅದರ ಕೆಲವು ಹನಿಗಳನ್ನು ಸೇರಿಸಿದರೆ, ಕ್ರಿಯೆ ಗಮನಾರ್ಹವಾಗಿ ಹಿಂಜರಿಯುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ದ್ರಾವಣ ಕಂದಾಗಿ ಕದಡಿದರೆ ಅಥವಾ ಗಾಜಿನ ಒಳಗೋಡೆಗೆ ಕೆಂಪು ಹೊಳಪಿನ ತೆಳು ಪರೆ ಕಟ್ಟಿದರೆ ಕ್ರಿಯೆ ಮಿತಿ ಮೀರಿದ ವೇಗದಲ್ಲಿ ನಡೆದಿದೆ ಎಂದರ್ಥ. ಆಸಿಟೋನ್‌ನಲ್ಲಿ ನೀರು ಹೆಚ್ಚಾಗಿರುವುದು, ಲವಣವನ್ನು ಹನಿಹನಿಯಾಗಿ ಬಿಡುವ ಬದಲು ಒಮ್ಮೆಲೇ ಸುರಿದಿರುವುದು, ಫ್ಲಾಸ್ಕ್‌ನ ತಳ ಅತಿಯಾಗಿ ಕಾದಿರುವುದು ಇದರ ಸಾಮಾನ್ಯ ಕಾರಣಗಳು. ಇಂಥ ಫ್ಲಾಸ್ಕ್‌ನಿಂದ ತೆಗೆದ ಹರಳನ್ನು ಅಳತೆಗೆ ಒಯ್ಯುವುದು ಸಮಯದ ನಷ್ಟ. ಅದನ್ನು ಬದಿಗಿಟ್ಟು ಹೊಸದಾಗಿ ಆರಂಭಿಸುವುದೇ ಲೇಸು.

ಬೆಂಗಳೂರಿನ ಬಿಸಿ, ಬೆಂಗಳೂರಿನ ತೇವ

ಪ್ರಕಟಿತ ಲೇಖನಗಳಲ್ಲಿನ ಉಷ್ಣತೆಯನ್ನು ಇಲ್ಲಿ ಹಾಗೆಯೇ ಅನುಸರಿಸಬಾರದು. ಸಮುದ್ರ ಮಟ್ಟದಲ್ಲಿ ಆಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು, ಇಲ್ಲಿನ ವಾಯುಭಾರ ಸಮುದ್ರ ಮಟ್ಟದ್ದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರವಾದ್ದರಿಂದ, ಆಸಿಟೋನ್ ಇಲ್ಲಿ ಸುಮಾರು 53 ಡಿಗ್ರಿಯಲ್ಲೇ ಕುದಿಯತೊಡಗುತ್ತದೆ. ಬೇರೆ ಊರಿನ ಪ್ರಯೋಗಾಲಯದಲ್ಲಿ 54 ಡಿಗ್ರಿಯಲ್ಲಿ ಸದ್ದಿಲ್ಲದೆ ನಿಂತಿದ್ದ ದ್ರಾವಣ ಇಲ್ಲಿ ಕುದಿಯುತ್ತದೆ. ಆ ಗುಳ್ಳೆಗಳು ವೇಫರ್‌ನ ಮೇಲಿನ ತೆಳು ಹರಳುಗಳನ್ನು ಎಬ್ಬಿಸಿ ಹಾಕುತ್ತವೆ, ಆವಿ ಹೊರಹೋದಂತೆ ಸಾಂದ್ರತೆಯೂ ಏರುತ್ತದೆ. ಪ್ರಯೋಗದ ಕೊನೆಯಲ್ಲಿ ವೇಫರ್ ಖಾಲಿಯಾಗಿದ್ದು, ಹರಳಿನ ಚೂರುಗಳು ತಳದಲ್ಲಿ ಬಿದ್ದಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ದ್ರಾವಣದ ಒಳಗಿನ ಉಷ್ಣತೆಯನ್ನೇ ಅಳೆದು ಅದನ್ನು 45 ರಿಂದ 48 ಡಿಗ್ರಿಯ ಒಳಗೆ ಹಿಡಿದಿಟ್ಟರೆ ಕುದಿತದ ಭಯವಿರುವುದಿಲ್ಲ. ಹಾಟ್ ಪ್ಲೇಟ್‌ನ ಫಲಕದ ಮೇಲೆ ಮೂಡುವ ಸಂಖ್ಯೆ ಎಣ್ಣೆಯದ್ದೋ ಲೋಹದ ತಟ್ಟೆಯದ್ದೋ ಆಗಿರುತ್ತದೆಯೇ ಹೊರತು ದ್ರಾವಣದ್ದಲ್ಲ.

ಕಂಡೆನ್ಸರ್‌ಗೆ ನಲ್ಲಿಯ ನೀರನ್ನೇ ಬಿಡುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಏಪ್ರಿಲ್ ಮಧ್ಯಾಹ್ನ ಮಹಡಿಯ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರು ಕೈಗೆ ಬೆಚ್ಚಗಿರುತ್ತದೆ. ಅಂಥ ನೀರಿನಿಂದ ಆಸಿಟೋನ್‌ನ ಆವಿಯನ್ನು ಪೂರ್ತಿಯಾಗಿ ಹಿಡಿಯಲಾಗದು. ಬೋರ್‌ವೆಲ್ ನೀರಾದರೆ ಕೊಳವೆಯೊಳಗೆ ಸುಣ್ಣದ ಪೊರೆ ಕಟ್ಟಿ ತಂಪಿನ ವರ್ಗಾವಣೆ ಇನ್ನಷ್ಟು ಕುಂದುತ್ತದೆ. ನೀರನ್ನು ತಂಪಾಗಿಸಿ ಸುತ್ತಿಸುವ ಚಿಲ್ಲರ್ ಇಲ್ಲದಿದ್ದರೆ ಐಸ್ ತುಂಬಿದ ಬಕೆಟ್‌ನಲ್ಲಿ ಚಿಕ್ಕ ಪಂಪು ಇಟ್ಟು ನೀರನ್ನು ಸುತ್ತಿಸಿದರೂ ಸಾಕು. ನಡುವೆ ಕರೆಂಟ್ ಹೋದರೆ ದ್ರಾವಣ ತಣಿದು, ಮರಳಿ ಬಂದಾಗ ಹಾಟ್ ಪ್ಲೇಟ್ ತನ್ನ ಗುರಿಯನ್ನು ದಾಟಿ ಕಾಯುವುದುಂಟು, ಹಾಗಾಗಿ ಕರೆಂಟ್ ಹೋದ ಹೊತ್ತನ್ನು ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಫಲಿತಾಂಶ ದಿನದಿಂದ ದಿನಕ್ಕೆ ಏರುಪೇರಾಗುತ್ತಿದ್ದರೆ ಆ ಟಿಪ್ಪಣಿಯೇ ಕಾರಣವನ್ನು ಹೇಳಬಹುದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಲಸ ಹಾಳಾಗಿ, ಬೇಸಿಗೆಯಲ್ಲಿ ಸುಸೂತ್ರವಾಗಿ ನಡೆದರೆ ತೇವವೇ ಕಾರಣವೆಂದು ಹಿಡಿಯಬಹುದು. ಲವಣದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಹೊಸ ಲವಣ ಅಚ್ಚ ಬಿಳಿ ಪುಡಿ. ಮುಚ್ಚಳದ ತಿರುಪಿನ ಬಳಿ, ಪುಡಿ ಗಾಜಿಗೆ ಅಂಟಿರುವ ಅಂಚಿನಲ್ಲಿ ತಿಳಿ ನೀಲಿಯ ಉಂಗುರ ಕಂಡರೆ ಗಾಳಿ ಮತ್ತು ತೇವ ಒಳಗೆ ಹೊಕ್ಕು ಬಹಳ ದಿನಗಳಾಗಿವೆ. ಮಧ್ಯದ ಪುಡಿ ಬೆಳ್ಳಗಿದೆಯೆಂದು ಅದನ್ನು ಬಳಸುವುದು ತರವಲ್ಲ, ಏಕೆಂದರೆ ತೇವ ತಾಗಿದ ಹೆಕ್ಸಾಫ್ಲೋರೋಫಾಸ್ಫೇಟ್ ಒಡೆದು ಹೈಡ್ರೋಜನ್ ಫ್ಲೋರೈಡ್ ಕೊಡಬಲ್ಲದು, ಅದು ಗಾಜಿಗೂ ಹರಳಿಗೂ ಕೈಗೂ ಕೇಡು. ಫ್ರಿಜ್‌ನಲ್ಲಿಟ್ಟ ಬಾಟಲಿಯನ್ನು ಹೊರತೆಗೆದ ಕೂಡಲೇ ಬಿಚ್ಚಬಾರದು. ಮಳೆಗಾಲದ ಗಾಳಿಯ ತೇವ ತಣ್ಣನೆಯ ಪುಡಿಯ ಮೇಲೆ ಕ್ಷಣದಲ್ಲಿ ಇಬ್ಬನಿಯಾಗಿ ಇಳಿಯುತ್ತದೆ.

ಆಸಿಟೋನ್‌ನ ನೀರು ತೆಗೆಯಲು ಸೋಡಿಯಂ ಲೋಹವನ್ನಾಗಲಿ ಕ್ಯಾಲ್ಸಿಯಂ ಹೈಡ್ರೈಡನ್ನಾಗಲಿ ಎಂದಿಗೂ ಬಳಸಕೂಡದು. ಆಣ್ವಿಕ ಜರಡಿಗಳ ಮೇಲೆ ದಿನಗಟ್ಟಲೆ ಬಿಟ್ಟರೂ ಆಸಿಟೋನ್ ತನ್ನೊಂದಿಗೆ ತಾನೇ ಸೇರಿ ಡೈಆಸಿಟೋನ್ ಆಲ್ಕೋಹಾಲ್ ಆಗುವ ಅಪಾಯವಿದೆ. ನಿರ್ಜಲ ಕ್ಯಾಲ್ಸಿಯಂ ಸಲ್ಫೇಟ್ ಬಳಸಿ ಅಂದೇ ಬಟ್ಟಿ ಇಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ನಂಬಬಹುದಾದ ದಾರಿ.

ಹರಳಿನ ಕಡೆಯ ದೋಷಗಳು

ತಾಮ್ರ ಪದರಗಳ ನಡುವೆ ಇಳಿಯುವುದು ಹರಳಿನ ಅಂಚಿನಿಂದ, ಒಂದರ ಮೇಲೊಂದು ಒತ್ತಿಟ್ಟ ಒಬ್ಬಟ್ಟುಗಳ ನಡುವೆ ತುಪ್ಪ ಅಂಚಿನಿಂದ ಒಳಗಿಳಿಯುವ ಹಾಗೆ. ಮೇಲ್ಮೈ ಎಷ್ಟೇ ವಿಶಾಲವಾಗಿದ್ದರೂ ಅಂಚು ಮುಚ್ಚಿದ್ದರೆ ದಾರಿಯಿಲ್ಲ. ಪಾಲಿವಿನೈಲ್ ಪೈರೋಲಿಡೋನ್ ಬಳಸಿ ದ್ರಾವಣದಲ್ಲಿ ಬೆಳೆಸಿದ ನ್ಯಾನೋತಟ್ಟೆಗಳಲ್ಲಿ ಆ ಪಾಲಿಮರ್ ಸುತ್ತಲೂ ಅಂಟಿಕೊಂಡಿರುತ್ತದೆ. ಆಸಿಟೋನ್‌ನಲ್ಲಿ ಅದು ಕರಗುವುದಿಲ್ಲವಾದ್ದರಿಂದ ಪ್ರಯೋಗದ ವೇಳೆ ತಾನಾಗಿ ಬಿಟ್ಟುಹೋಗುತ್ತದೆಂದು ನಂಬಬಾರದು, ಮೊದಲೇ ಎಥನಾಲ್ ಮತ್ತು ನೀರಿನಿಂದ ಮತ್ತೆ ಮತ್ತೆ ತೊಳೆದು ಸೆಂಟ್ರಿಫ್ಯೂಜ್ ಮಾಡಬೇಕು. ಟೇಪಿನಿಂದ ಸುಲಿದ ಹರಳುಗಳಲ್ಲಿ ಅಂಟಿನ ಶೇಷ, ಹಳೆಯ ಹರಳುಗಳಲ್ಲಿ ಅಂಚಿನ ಆಕ್ಸೈಡ್, ಇವು ಅದೇ ರೀತಿಯ ತಡೆಗಳು. ಸುಲಿದ ದಿನವೇ ಬಳಸಿದ ಹರಳು ಸರಿಯಾಗಿ ವರ್ತಿಸಿ, ವಾರಗಟ್ಟಲೆ ಗಾಳಿಯಲ್ಲಿದ್ದ ಅದೇ ತಂಡದ ಹರಳು ಮೊಂಡಾದರೆ ಆಕ್ಸೈಡನ್ನೇ ಹೊಣೆ ಮಾಡಬಹುದು.

ಹರಳಿನ ಅಗಲವೂ ಮುಖ್ಯ. ಕಿರಿದಾದ ರಿಬ್ಬನ್‌ಗಳಲ್ಲಿ (ಪಟ್ಟಿಯಂಥ ಹರಳುಗಳಲ್ಲಿ) ಕೆಲವೇ ಗಂಟೆಗಳಲ್ಲಿ ತುಂಬುವ ತಾಮ್ರ, ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳಿನಲ್ಲಿ ಅಂಚಿನ ಬಳಿಯೇ ನಿಂತುಬಿಡಬಹುದು. ಹಾಗಾಗಿ ಅಂಚಿನಲ್ಲೊಂದು, ನಡುವೆಯೊಂದು ಕಡೆ ಅಳೆಯದೆ ಸರಾಸರಿ ಸಂಖ್ಯೆ ಕೊಡುವುದು ಓದುಗರನ್ನು ದಾರಿ ತಪ್ಪಿಸಿದಂತೆ.

ಅಳತೆಯೇ ದಾರಿ ತಪ್ಪಿಸಿದಾಗ

ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದಲ್ಲಿ ರಸಾಯನದ ದೋಷಕ್ಕಿಂತ ಅಳತೆಯ ದೋಷವೇ ಹೆಚ್ಚು ತೊಂದರೆ ಕೊಡುವಂಥದ್ದು. ಟಿಇಎಂನಲ್ಲಿ (ತೆಳು ಮಾದರಿಯನ್ನು ಹಾದುಹೋದ ಎಲೆಕ್ಟ್ರಾನ್‌ಗಳಿಂದ ಚಿತ್ರ ತೆಗೆಯುವ ಸೂಕ್ಷ್ಮದರ್ಶಕದಲ್ಲಿ) ಮಾದರಿ ಇಡಲು ಬಳಸುವ ಜಾಲರಿ ಸಾಮಾನ್ಯವಾಗಿ ತಾಮ್ರದ್ದೇ ಆಗಿರುತ್ತದೆ. ಅದರ ಮೇಲೆ ಹರಳಿಟ್ಟು ಇಡಿಎಸ್ ತೆಗೆದರೆ 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಭರ್ಜರಿ ತಾಮ್ರ ಕಾಣುತ್ತದೆ, ಹರಳಿನೊಳಗೆ ಒಂದು ಪರಮಾಣು ಕೂಡ ಇಲ್ಲದಿದ್ದರೂ. ಈ ಕೆಲಸಕ್ಕೆ ನಿಕಲ್ ಅಥವಾ ಮಾಲಿಬ್ಡಿನಂ ಜಾಲರಿಯನ್ನು ಮೊದಲೇ ಕೇಳಿ ತರಿಸಿಕೊಳ್ಳಬೇಕು. ಉಪಕರಣವನ್ನು ಹಲವು ವಿಭಾಗಗಳು ಹಂಚಿಕೊಳ್ಳುವ ಕಡೆ, ಸ್ಲಾಟ್ ಸಿಕ್ಕ ದಿನ ಬೆಳಗ್ಗೆ ಜಾಲರಿ ಹುಡುಕಲು ಹೊರಟರೆ ತಾಮ್ರದ್ದೇ ಕೈಗೆ ಸಿಗುತ್ತದೆ. ಜಾಲರಿ ಬದಲಾದ ಮೇಲೂ ಹರಳಿಲ್ಲದ ಖಾಲಿ ಇಂಗಾಲದ ಪೊರೆಯ ಮೇಲೊಮ್ಮೆ ಅಷ್ಟೇ ಹೊತ್ತು ಅಳೆಯಬೇಕು, ಏಕೆಂದರೆ ಹೋಲ್ಡರ್‌ನ ಲೋಹದ ಭಾಗಗಳಿಂದಲೂ ಸ್ವಲ್ಪ ತಾಮ್ರದ ಸಂಕೇತ ಬರುತ್ತದೆ. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಮೇಲ್ಮೈಯನ್ನು ತಡಕುವ ಸೂಕ್ಷ್ಮದರ್ಶಕದಲ್ಲಿ) ಮೇಲಿನಿಂದ ತೆಗೆದ ಇಡಿಎಸ್ ಚಿತ್ರವಂತೂ ಹೊರಮೈಯ ತಾಮ್ರವನ್ನೂ ಸಂದಿಯ ತಾಮ್ರವನ್ನೂ ಬೇರ್ಪಡಿಸಲಾರದು, ಎಲೆಕ್ಟ್ರಾನ್ ಕಿರಣ ತೆಳು ಹರಳನ್ನು ಹಾದು ಕೆಳಗಿನ ಸಿಲಿಕಾನ್‌ವರೆಗೂ ಇಳಿದಿರುತ್ತದೆ. ಅಡ್ಡಕೊಯ್ತದ ಮಾದರಿ ಇಲ್ಲದೆ ‘ಒಳಗೆ’ ಎಂಬ ಪದವನ್ನು ಬಳಸದಿರುವುದು ಒಳ್ಳೆಯದು.

ಎಕ್ಸ್‌ಆರ್‌ಡಿಯಲ್ಲಿ (ಹರಳಿನಿಂದ ಎಕ್ಸ್-ಕಿರಣ ಚದುರುವ ಕೋನದಿಂದ ಪರಮಾಣು ಹಾಳೆಗಳ ಅಂತರ ತಿಳಿಯುವ ಅಳತೆಯಲ್ಲಿ) ಇನ್ನೂ ಸೂಕ್ಷ್ಮವಾದ ಬಲೆಯಿದೆ. ಉಪಕರಣದ ತಾಮ್ರದ ಮೂಲದಿಂದ ಬರುವ ಎಕ್ಸ್-ಕಿರಣದಲ್ಲಿ ಬಿಸ್ಮತ್ ಸೆಲೆನೈಡ್‌ನ 003 ರೇಖೆ (ಇಂಥ ಅಂಕಿಗಳು ಹರಳಿನ ಯಾವ ಹಾಳೆಗಳಿಂದ ರೇಖೆ ಬಂತೆಂದು ಹೇಳುವ ಗುರುತುಗಳು) 9.3 ಡಿಗ್ರಿಯ ಬಳಿ, 0015 ರೇಖೆ 47.6 ಡಿಗ್ರಿಯ ಬಳಿ ಬೀಳುತ್ತದೆ. 2010ರಲ್ಲಿ ವರದಿಯಾದ, ಕರಗಿಸಿ ಬೆಳೆಸಿದ ತಾಮ್ರಯುಕ್ತ ಹರಳಿನಲ್ಲಿ ಸಿ ಅಕ್ಷದ (ಪದರಗಳು ಒಂದರ ಮೇಲೊಂದು ಕೂರುವ ದಿಕ್ಕಿನ) ಉದ್ದ 28.666ರಿಂದ 28.736 ಆಂಗ್‌ಸ್ಟ್ರಾಮ್‌ಗೆ ಮಾತ್ರ ಹೆಚ್ಚಿತ್ತು, ಅಂದರೆ ಶೇಕಡಾ ಕಾಲು ಭಾಗದಷ್ಟು. ಅಷ್ಟು ಹಿಗ್ಗಿದರೆ 003 ರೇಖೆ ಸರಿಯುವುದು ಸುಮಾರು 0.02 ಡಿಗ್ರಿ, 0015 ರೇಖೆ ಸರಿಯುವುದು ಸುಮಾರು 0.12 ಡಿಗ್ರಿ. ಈಗ ವೇಫರನ್ನು ಹೋಲ್ಡರ್‌ನಲ್ಲಿ ಕೂರಿಸುವಾಗ ಎತ್ತರದಲ್ಲಿ 0.1 ಮಿಲಿಮೀಟರ್ ತಪ್ಪಾಯಿತೆನ್ನಿ. 240 ಮಿಲಿಮೀಟರ್ ತ್ರಿಜ್ಯದ ಉಪಕರಣದಲ್ಲಿ ಅಷ್ಟರಿಂದಲೇ ಎಲ್ಲ ರೇಖೆಗಳೂ 0.05 ಡಿಗ್ರಿಯ ಆಸುಪಾಸಿನಲ್ಲಿ ಸರಿಯುತ್ತವೆ. 003 ರೇಖೆಯೊಂದನ್ನೇ ನೋಡಿ ಪದರಗಳು ಹಿಗ್ಗಿದವೆಂದು ಸಾರಿದವರು ಬಹುಶಃ ಹೋಲ್ಡರ್‌ನ ಮೆತ್ತನೆಯ ಕ್ಲೇ ಮೇಲೆ ವೇಫರ್ ಒತ್ತಿದ ರೀತಿಯನ್ನೇ ಅಳೆದಿರುತ್ತಾರೆ. ಎತ್ತರದ ತಪ್ಪಾದರೆ ಚಿಕ್ಕ ಕೋನದ ರೇಖೆಯೂ ದೊಡ್ಡ ಕೋನದ ರೇಖೆಯೂ ಹೆಚ್ಚುಕಡಿಮೆ ಒಂದೇ ಸಮನೆ ಸರಿಯುತ್ತವೆ. ನಿಜವಾದ ಹಿಗ್ಗುವಿಕೆಯಾದರೆ ಕೋನ ದೊಡ್ಡದಾದಂತೆ ಸರಿತವೂ ದೊಡ್ಡದಾಗುತ್ತದೆ. ಆದ್ದರಿಂದ 003, 006 ಮತ್ತು 0015 ಮೂರನ್ನೂ ಒಟ್ಟಿಗೆ ಹೋಲಿಸಬೇಕು. ಪುಡಿ ಮಾದರಿಯಾದರೆ ಸ್ವಲ್ಪ ಸಿಲಿಕಾನ್ ಪುಡಿ ಬೆರೆಸಿ, 28.44 ಡಿಗ್ರಿಯಲ್ಲಿ ಬರುವ ಅದರ ರೇಖೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಲೋಹ ತಾಮ್ರದ ಮುಖ್ಯ ರೇಖೆ 43.3 ಡಿಗ್ರಿಯಲ್ಲಿದೆ, ಬಿಸ್ಮತ್ ಸೆಲೆನೈಡ್‌ನ 110 ರೇಖೆ 43.7 ಡಿಗ್ರಿಯಲ್ಲಿದೆ. ಎರಡೂ ಅಗಲವಾಗಿದ್ದರೆ ಒಂದರೊಳಗೊಂದು ಅಡಗುತ್ತವೆ. ಲೇಪನದ ಸಂಶಯವಿದ್ದಾಗ 50.4 ಮತ್ತು 74.1 ಡಿಗ್ರಿಗಳಲ್ಲಿ ತಾಮ್ರದ ಉಳಿದ ರೇಖೆಗಳಿವೆಯೇ ಎಂದು ನಿಧಾನವಾಗಿ ಸ್ಕ್ಯಾನ್ ಮಾಡಿ ನೋಡಬೇಕು.

ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣ ಮೇಲ್ಮೈಯಿಂದ ಹೊರದೂಡುವ ಎಲೆಕ್ಟ್ರಾನ್‌ಗಳ ಶಕ್ತಿಯ ಅಳತೆಯಲ್ಲಿ) 932.5 ಎಲೆಕ್ಟ್ರಾನ್ ವೋಲ್ಟ್ ಸುತ್ತಲಿನ ಶಿಖರವನ್ನು ತೋರಿಸಿ ‘ಶೂನ್ಯವೇಲೆನ್ಸಿ ತಾಮ್ರ’ ಎಂದು ಬರೆಯುವುದು ಸಲ್ಲದು. ಲೋಹ ತಾಮ್ರವೂ ಏಕವೇಲೆನ್ಸಿ ತಾಮ್ರವೂ ಬಹುಮಟ್ಟಿಗೆ ಅಲ್ಲೇ ಬೀಳುತ್ತವೆ. ಅವನ್ನು ಬೇರ್ಪಡಿಸುವುದು ಆಜರ್ ಶಿಖರ, ಅಂದರೆ ಅದೇ ಅಳತೆಯಲ್ಲಿ ಪರಮಾಣು ಮರುಹೊಂದಿಕೊಳ್ಳುವಾಗ ಹೊರಬೀಳುವ ಎಲೆಕ್ಟ್ರಾನ್‌ಗಳ ಶಿಖರ: ಲೋಹಕ್ಕೆ ಅದರ ಚಲನ ಶಕ್ತಿ ಸುಮಾರು 918.6, ಕ್ಯುಪ್ರಸ್ ಆಕ್ಸೈಡ್‌ಗೆ ಸುಮಾರು 916.8 ಎಲೆಕ್ಟ್ರಾನ್ ವೋಲ್ಟ್. 940ರಿಂದ 945ರ ನಡುವೆ ಉಪಶಿಖರಗಳು ಎದ್ದಿದ್ದರೆ ದ್ವಿವೇಲೆನ್ಸಿ ತಾಮ್ರ ತೊಳೆಯದೆ ಉಳಿದಿದೆ, ಅಥವಾ ಮಾದರಿ ಗಾಳಿಯಲ್ಲಿ ಹೆಚ್ಚು ಹೊತ್ತು ಕಳೆದಿದೆ. ಮೇಲ್ಮೈಯನ್ನು ಆರ್ಗಾನ್‌ನಿಂದ ಕೆರೆದು ಒಳಗನ್ನು ನೋಡುವ ಯೋಚನೆ ಸಹಜವೇ ಆದರೂ, ಆ ಅಯಾನುಗಳ ಹೊಡೆತವೇ ತಾಮ್ರದ ಆಕ್ಸೈಡನ್ನು ಅಪಕರ್ಷಿಸಬಲ್ಲದು (ಆಮ್ಲಜನಕ ಕಳೆದು ಲೋಹದತ್ತ ತರಬಲ್ಲದು). ಕೆರೆದ ಮೇಲೆ ಮಾತ್ರ ಕಂಡ ಲೋಹ ತಾಮ್ರಕ್ಕೆ ಸಾಕ್ಷಿಯ ಬೆಲೆ ಕಡಿಮೆ.

ಹೊರಮೈಯ ತಾಮ್ರವನ್ನು ತೊಳೆಯಲು ದ್ವಿವೇಲೆನ್ಸಿ ತಾಮ್ರ ಬೆರೆಸಿದ ಅಸಿಟೋನೈಟ್ರೈಲ್ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಅದು ಲೋಹ ತಾಮ್ರವನ್ನು ಏಕವೇಲೆನ್ಸಿ ಅಯಾನಾಗಿ ಕರಗಿಸುವುದು ನಿಜ, ಏಕೆಂದರೆ ಅಲ್ಲಿ ಮೂಲಕ್ರಿಯೆಯೇ ಹಿಮ್ಮುಖವಾಗುತ್ತದೆ. ಆದರೆ ಮೇಲ್ಮೈಯ ತಾಮ್ರ ಮುಗಿದ ಮೇಲೆ ಅಂಚಿನ ಸಂದಿಗಳಿಗೂ ಅದು ಕೈಹಾಕಬಹುದಾದ್ದರಿಂದ ಅಳತೆಯ ಮುನ್ನ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿ ಆಸಿಟೋನ್‌ನಲ್ಲಿ ಚೆನ್ನಾಗಿ ಜಾಲಿಸಿ, ಲೇಪನ ಉಳಿದಿದ್ದರೆ ಅದನ್ನು ಉಳಿದಿದೆಯೆಂದೇ ವರದಿ ಮಾಡುವುದು ಸರಿ.

ತಾಮ್ರ ಸೇರಿತು, ಹರಳು ಉಳಿಯಲಿಲ್ಲ

ಕೆಲವೊಮ್ಮೆ ತಾಮ್ರದ ಪ್ರಮಾಣ ಅಚ್ಚರಿ ಹುಟ್ಟಿಸುವಷ್ಟು ಇರುತ್ತದೆ. 2012ರ ವರದಿಗಳಲ್ಲೇ ಒಟ್ಟು ಪರಮಾಣುಗಳಲ್ಲಿ ಶೇಕಡಾ 60ರವರೆಗೆ ತಾಮ್ರ ಸೇರಿದ ನ್ಯಾನೋರಿಬ್ಬನ್‌ಗಳ ಉಲ್ಲೇಖವಿರುವುದರಿಂದ, ದೊಡ್ಡ ಸಂಖ್ಯೆ ಬಂತೆಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ತಾಮ್ರ ಸಂದಿಯಲ್ಲಿ ಕೂರುವ ಬದಲು ಸೆಲೆನಿಯಂ ಜೊತೆ ಸೇರಿ ತಾಮ್ರದ ಸೆಲೆನೈಡ್ ಆಗಿಲ್ಲವೆಂದು ತೋರಿಸಬೇಕು. 26.9, 44.6 ಮತ್ತು 52.9 ಡಿಗ್ರಿಗಳ ಬಳಿ ಹೊಸ ರೇಖೆಗಳು ಎದ್ದು, 0015 ರೇಖೆ ಕುಗ್ಗಿದ್ದರೆ ನಡೆದಿರುವುದು ಇಂಟರ್ಕಲೇಷನ್ ಅಲ್ಲ, ಹರಳಿನ ಪರಿವರ್ತನೆ. ರಾಮನ್ ರೋಹಿತದಲ್ಲಿ (ಚದುರಿದ ಲೇಸರ್ ಬೆಳಕಿನಿಂದ ಹರಳಿನ ಕಂಪನಗಳನ್ನು ಗುರುತಿಸುವ ಅಳತೆಯಲ್ಲಿ) 72, 131 ಮತ್ತು 174 ಪ್ರತಿ ಸೆಂಟಿಮೀಟರ್‌ನ ಮೂರು ಶಿಖರಗಳು ಉಳಿದಿವೆಯೇ ಎಂದು ನೋಡುವುದು ಇದಕ್ಕೆ ಸುಲಭವಾದ ಪೂರಕ ಪರೀಕ್ಷೆ, ಲೇಸರ್ ಶಕ್ತಿಯನ್ನು ಮಾತ್ರ ಕಡಿಮೆ ಇಡಬೇಕು, ಇಲ್ಲದಿದ್ದರೆ ಲೇಸರ್ ಸುಟ್ಟ ಹರಳಿಗೆ ತಾಮ್ರ ಅಪರಾಧಿಯಾಗುತ್ತದೆ. ಎಲೆಕ್ಟ್ರಾನ್ ವಿವರ್ತನೆಯಲ್ಲಿ (ಟಿಇಎಂನಲ್ಲಿ ಹರಳಿನಿಂದ ಚದುರಿದ ಎಲೆಕ್ಟ್ರಾನ್‌ಗಳು ಮೂಡಿಸುವ ಚುಕ್ಕೆ ಚಿತ್ರದಲ್ಲಿ) ಮೂಲ ಚುಕ್ಕೆಗಳ ನಡುವೆ ಕ್ರಮಬದ್ಧವಾದ ಹೆಚ್ಚುವರಿ ಚುಕ್ಕೆಗಳು ಕಂಡರೆ ತಾಮ್ರ ಸಂದಿಯಲ್ಲಿ ಅಚ್ಚುಕಟ್ಟಾಗಿ ಕೂತಿರುವುದಕ್ಕೆ ಅದು ಬಲವಾದ ಸುಳಿವು. ಪದರಗಳ ಜೋಡಣೆಯ ದೋಷದಿಂದಲೂ ಹೊಸ ಚುಕ್ಕೆಗಳು ಬರಬಹುದಾದ್ದರಿಂದ, ಸಾಧ್ಯವಾದರೆ ಅದೇ ಹರಳಿನ ಚಿತ್ರವನ್ನು ತಾಮ್ರ ಸೇರಿಸುವ ಮುನ್ನವೂ ತೆಗೆದಿಡಬೇಕು.

ಹಾಳಾದ ಮಾದರಿಗಳನ್ನು ಮತ್ತು ಫ್ಲಾಸ್ಕ್‌ಗಳನ್ನು ಶುಚಿ ಮಾಡುವ ಹೊತ್ತಿನಲ್ಲೇ ನಿಜವಾದ ಅಪಾಯವಿದೆ. ಸೆಲೆನೈಡ್ ಇರುವ ಪಾತ್ರೆಗೆ ಪ್ರಬಲ ಆಮ್ಲ ಸುರಿದರೆ ಹೈಡ್ರೋಜನ್ ಸೆಲೆನೈಡ್ ಎಂಬ ಕಡು ವಿಷದ ಅನಿಲ ಹೊರಬರಬಹುದು. ತಾಮ್ರದ ಕಲೆ ತೆಗೆಯಲು ನೈಟ್ರಿಕ್ ಆಮ್ಲ ಬಳಸುವ ಮುನ್ನ ಪಾತ್ರೆಯಲ್ಲಿ ಆಸಿಟೋನ್‌ನ ಹನಿಯೂ ಉಳಿದಿರಬಾರದು, ಅವೆರಡು ಕೂಡಿದರೆ ಸ್ಫೋಟವಾಗಬಲ್ಲದು. ಮೊದಲು ಹರಳಿನ ಚೂರುಗಳನ್ನು ಸೋಸಿ ಸೆಲೆನಿಯಂ ತ್ಯಾಜ್ಯದ ಡಬ್ಬಿಗೆ ಹಾಕಿ, ಫ್ಲಾಸ್ಕನ್ನು ನೀರಿನಿಂದ ಹಲವು ಸಲ ತೊಳೆದು, ಫ್ಯೂಮ್ ಹುಡ್‌ನ ಗಾಜನ್ನು ಇಳಿಸಿಕೊಂಡ ನಂತರವೇ ಆಮ್ಲದ ಬಾಟಲಿಯನ್ನು ಕೈಗೆತ್ತಿಕೊಳ್ಳಬೇಕು.